ಕಾರಿನಲ್ಲಿ ಸಿಕ್ಕಿಕೊಂಡ ಮೂರು ದನಿ

ಕಳೆದ ವಾರ ಪರ್ತ್‌ನ ಕ್ಯಾನಿಂಗ್ ವೇಲ್‌ನ ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿದು ನಿಂತಿದ್ದಾಗ ಪಕ್ಕದ ಪಂಪಿಗೆ ಧೂಳು ಮೆತ್ತಿದ ಹಳೆಯ ಯೂಟ್, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿಯ ಕಾರು, ಬಂದು ನಿಂತಿತು. ಕಿಟಕಿ ಇಳಿಸಿದ್ದರು. ಒಳಗಿನ ಸ್ಟೀರಿಯೋದಲ್ಲಿ ಮೂವರು ಗಂಡಸರು ಹಾಡುವುದು ಕೇಳಿಸಿತು. ಒಬ್ಬ ಮುಂದೆ, ಇನ್ನೊಬ್ಬ ಅವನ ನೆತ್ತಿಯ ಮೇಲೆ ಹೆಣ್ಣುದನಿಯಲ್ಲಿ, ಮತ್ತೊಬ್ಬ ಅವರಿಬ್ಬರ ನಡುವೆ ಎಲ್ಲೋ. ಬೇರೆ ಯಾರಾದರೂ ಆಗಿದ್ದರೆ ಹಾಡನ್ನು ಕೇಳುತ್ತಿದ್ದರು. ನಾನು ನಡುವಿನವನನ್ನು ಮಾತ್ರ ಕೇಳಿದೆ. ಪೆಟ್ರೋಲಿನ ವಾಸನೆಯ ಬೆನ್ನಿಗೇ ಬಿಸಿಲಿಗೆ ಕಾದ ರೆಕ್ಸಿನ್ ಸೀಟು, ದಿನಸಿ ಚೀಲದ ಇಂಗು, ಅಮ್ಮನ ತಲೆಯ ಕೊಬ್ಬರಿ ಎಣ್ಣೆ, ಎಲ್ಲವೂ ಮೂಗಿಗೆ ಬಂದವು. ಅಪ್ಪನ ಕಾರು ನೆನಪಾಯಿತು.

ಅಪ್ಪ ಮೈಸೂರಿನಿಂದ ಬಂದ ಎಂಜಿನಿಯರ್. ಪರ್ತ್‌ಗೆ ಬಂದ ಹೊಸತರಲ್ಲಿ ಸೆಕೆಂಡ್ ಹ್ಯಾಂಡ್ ಸ್ಟೇಷನ್ ವ್ಯಾಗನ್ ಒಂದನ್ನು ಕೊಂಡಿದ್ದ. ಅದರ ಟೇಪಿನಲ್ಲಿ ಹಿಂದಿನ ಮಾಲೀಕನ ಕ್ಯಾಸೆಟ್ ಸಿಕ್ಕಿಕೊಂಡಿತ್ತು. ಚಾಕು, ಚಮಚ, ಅಮ್ಮನ ಹೇರ್‌ಪಿನ್, ಯಾವುದಕ್ಕೂ ಅದು ಜಗ್ಗಲಿಲ್ಲ. ಒಂದು ಕಡೆ ಮುಗಿದ ಕೂಡಲೇ ಟಕ್ ಎಂದು ತಾನೇ ತಿರುಗಿ ಇನ್ನೊಂದು ಕಡೆ ಹಾಡುತ್ತಿತ್ತು. ಜಮೈಕಾದ ಹಾಡುಗುಂಪುಗಳಲ್ಲಿ, ಅಂದರೆ ಮೂವರು ಒಂದೇ ಮೈಕಿಗೆ ಮುಖ ಕೊಟ್ಟು ಮೂರು ದನಿಯಲ್ಲಿ ಹಾಡುವವರಲ್ಲಿ, ಅತಿ ಶ್ರೇಷ್ಠರು ಯಾರು ಎನ್ನುವ ರೇಡಿಯೋ ಕಾರ್ಯಕ್ರಮವನ್ನು ಯಾರೋ ರೆಕಾರ್ಡ್ ಮಾಡಿಕೊಂಡಿದ್ದರು. ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಟೇಪು ಗುಳುಗುಳು ಎನ್ನುತ್ತಿತ್ತು. ಹಾಗಾಗಿ ಅಪ್ಪನೇ ಹೆಸರಿಟ್ಟ. ಪ್ರೀತಿಯನ್ನು ಇಂಪಾಗಿ ಹಾಡುವವರು ಕಬ್ಬಿನಹಾಲಿನವರು. ಸೆರೆಮನೆಯ ಕಷ್ಟ ಹಾಡುವವರು ಜೈಲಿನವರು. ದೂರದ ನಾಡಿಗೆ ಎಳೆದು ತಂದಿದ್ದಾರೆ, ದೇವರೇ ವಾಪಸ್ ಕರೆದುಕೋ ಎನ್ನುವವರು ದೇವಸ್ಥಾನದವರು. ನಿಮ್ಮ ಮನೆಯಲ್ಲೂ ಹೀಗೆ ಯಾರೂ ಆರಿಸದೆ ಬಂದು ಕೂತ ಹಾಡುಗಳು ಇದ್ದಿರಬಹುದು. ಶಾಲೆಗೆ, ಸಾಮಾನಿಗೆ, ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಆ ಮೂರು ಗುಂಪಿನವರೇ ನಮ್ಮನ್ನು ಕರೆದುಕೊಂಡು ಹೋಗಿ ವಾಪಸ್ ತಂದು ಬಿಡುತ್ತಿದ್ದರು.

ಯಾರು ಶ್ರೇಷ್ಠರು ಎಂಬ ಜಗಳ ಕಾರಿನಲ್ಲಿ ಮುಗಿದದ್ದೇ ಇಲ್ಲ. ಅಣ್ಣನಿಗೆ ಕಬ್ಬಿನಹಾಲಿನವರು. ಅಪ್ಪನಿಗೆ ಜೈಲಿನವರು. "ಕಬ್ಬಿನಹಾಲಿನವ್ರಲ್ಲಿ ಮುಂದಿನವ್ನು ಒಬ್ನೇ ಹಾಡ್ತಾನೆ ಕಣ್ರೋ, ಮಿಕ್ಕವ್ರು ಬರೀ ನೆಂಟ್ರು. ಜೈಲಿನವ್ರನ್ನ ನೋಡಿ, ಮೂರೂ ಜನಕ್ಕೂ ಒಂದೇ ಕೋಳ" ಎನ್ನುತ್ತಿದ್ದ. ಅದೇ ಹುಚ್ಚಿನಲ್ಲಿ ನಮ್ಮನ್ನೂ ಗುಂಪು ಮಾಡಿದ. ಅಣ್ಣ ಮುಂದಿನ ದನಿ. ತಂಗಿ ಮೇಘಾ ಮೇಲಿನದು. ನನಗೆ ನಡುವಿನದು. ನನಗೆ ಬೇಡವಾಗಿತ್ತು. ಅದಕ್ಕೆ ರಾಗವೇ ಇರಲಿಲ್ಲ. ಒಂದೇ ಸ್ವರದಲ್ಲಿ ಬಹಳ ಹೊತ್ತು ಕೂತು, ಆಮೇಲೆ ಪಕ್ಕಕ್ಕೆ ಸ್ವಲ್ಪ ಸರಿದು, ಮತ್ತೆ ಕೂರುವುದು. ನಾನು ಅತ್ತಾಗ ಅಪ್ಪ ಕಾರಿನ ಕನ್ನಡಿಯಲ್ಲೇ ನನ್ನ ಮುಖ ನೋಡಿ ಹೇಳಿದ: "ಮೇಲಿಂದು ಎಲ್ರಿಗೂ ಕೇಳ್ಸತ್ತೆ ಪುಟ್ಟಿ. ನಡುವಿಂದು ಯಾರ್ಗೂ ಕೇಳ್ಸಲ್ಲ. ಆದ್ರೆ ಅದನ್ನ ತೆಗೆದ್ರೆ ಹಾಡು ಕುಸಿದು ಬೀಳತ್ತೆ." ನಾನು ನಂಬಿದೆ. ಅಣ್ಣನಷ್ಟು ಚುರುಕಲ್ಲದ, ಮೇಘಾಳಷ್ಟು ಚೆಲುವಲ್ಲದ ಹುಡುಗಿಗೆ ನಂಬಲು ಅಷ್ಟೊಂದು ದೊಡ್ಡ ಮಾತನ್ನು ಬೇರೆ ಯಾರೂ ಕೊಟ್ಟಿರಲಿಲ್ಲ.

ಅಮ್ಮ ಶನಿವಾರಗಳಲ್ಲಿ ಗ್ಯಾರೇಜಿನಲ್ಲಿ ಚಾಪೆ ಹಾಸಿ, ಕನ್ನಡದವರ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಅವಳ ಪಾಠದಲ್ಲಿ ಸೇರಿ ಹಾಡುವುದೆಂದರೆ ಎಲ್ಲರೂ ಒಂದೇ ಸ್ವರದ ಮೇಲೆ ನಿಲ್ಲುವುದು. ಅಣ್ಣನದು ಹಾಡು. ಮೇಘಾಳದು ಮೇಲಿನ ಸ್ಥಾಯಿ ಎಂದು ಹೇಗೋ ಒಪ್ಪಿಕೊಂಡಿದ್ದಳು. ನನ್ನದು ಮಾತ್ರ ಅವಳ ಕಿವಿಗೆ ಶುದ್ಧ ಅಪಸ್ವರ. "ಅವ್ರೆಲ್ಲಿದಾರೋ ಅಲ್ಲಿಗೆ ಬಾರೆ, ಯಾಕೆ ದಾರಿ ತಪ್ಪಿದವ್ಳ ಥರ ಅಲೀತೀಯ?" ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ಅವಳಲ್ಲಿ ಕೆಟ್ಟತನವಿರಲಿಲ್ಲ, ಕಿವಿ ಹಾಗೆ ಪಳಗಿತ್ತು ಅಷ್ಟೇ. ಕೆಟ್ಟತನ ಇದ್ದಿದ್ದರೆ ದ್ವೇಷಿಸಿ ಹಗುರಾಗುತ್ತಿದ್ದೆ.

ಆ ವರ್ಷದ ರಾಜ್ಯೋತ್ಸವ ಒಂದು ಶಾಲೆಯ ಹಾಲ್‌ನಲ್ಲಿ ನಡೆಯಿತು. ಎಲ್ಲರಿಗೂ ಗೊತ್ತಿದ್ದ ಭಾವಗೀತೆಯೊಂದನ್ನು ಅಪ್ಪ ಜೈಲಿನವರ ಧಾಟಿಗೆ ಮೂರು ದನಿಯಲ್ಲಿ ಹೊಂದಿಸಿದ್ದ. ಇಲ್ಲಿ ಜೂನ್‌ನಲ್ಲಿ ಶುರುವಾಗುವ ಚಳಿಗಾಲವಿಡೀ ಅಭ್ಯಾಸ ಮಾಡಿದ್ದೆವು. ಸ್ಟೇಜಿನ ದೀಪಗಳು ಕಣ್ಣಿಗೆ ಕುಕ್ಕುತ್ತಿದ್ದವು. ಹಾಡು ಶುರುವಾದ ಸ್ವಲ್ಪ ಹೊತ್ತಿಗೆ ಸ್ಪೀಕರಿನಲ್ಲಿ ನನ್ನ ದನಿ ನನಗೇ ಕೇಳಿಸದಾಯಿತು. ಅಪ್ಪ ಹೇಳಿದ್ದು ಇದನ್ನೇ, ಕರಗಿಹೋದೆ, ಇನ್ನು ಹಾಡು ನನ್ನ ಮೇಲೆ ನಿಂತಿದೆ ಅಂದುಕೊಂಡೆ. ಮೈ ಜುಮ್ಮೆಂದಿತು. ಅಷ್ಟು ಸಂತೋಷ ನನಗೆ ಆಮೇಲೆ ಮದುವೆಯಲ್ಲೂ ಆಗಲಿಲ್ಲ. ಮುಗಿದಾಗ ಹಾಲ್ ಪೂರ್ತಿ ಚಪ್ಪಾಳೆ. ಹಿಂದೆ ಬಾಗಿಲ ಹತ್ತಿರ ನಿಂತಿದ್ದ ಅಪ್ಪ ಸಿಳ್ಳೆ ಹೊಡೆದ.

ವಾಪಸ್ ಬರುವಾಗ ಕಾರಿನಲ್ಲಿ ಅವನು ಸ್ಟೀರಿಂಗ್ ತಟ್ಟುತ್ತ ಹೇಳಿದ: "ಮೂರು ದನಿನೂ ಹಾಲು ಜೇನಿನ ಹಾಗೆ ಸೇರಿತ್ತು ಕಣ್ರೋ." ಆಗ ಅಮ್ಮ ಹೂ ಬಿಚ್ಚಿಡುತ್ತ ಅಂದಳು: "ಪುಣ್ಯಕ್ಕೆ ನಾನು ಸೌಂಡ್ ಮಿಕ್ಸರ್ ಪಕ್ಕದಲ್ಲೇ ಕೂತಿದ್ದೆ. ಇವ್ಳು ಶುರುವಿಂದ್ಲೇ ಶ್ರುತಿ ಬಿಟ್ಟಿದ್ಲು. ಇವ್ಳ ಮೈಕ್ ಆಫ್ ಮಾಡಿಸ್ಬಿಟ್ಟೆ. ಇಲ್ದಿದ್ರೆ ಮಾನ ಹೋಗ್ತಿತ್ತು." ಟೇಪಿನಲ್ಲಿ ದೇವಸ್ಥಾನದವರು ಹಾಡುತ್ತಿದ್ದರು. ನಾನು ಕನ್ನಡಿಯಲ್ಲಿ ಅಪ್ಪನ ಕಣ್ಣನ್ನೇ ನೋಡುತ್ತಿದ್ದೆ. ಅವನು ಹೋ ಎಂದು ನಕ್ಕುಬಿಟ್ಟ. "ಅಯ್ಯೋ, ಹೌದಾ? ಗೊತ್ತೇ ಆಗ್ಲಿಲ್ವಲ್ಲೇ!" ಅಣ್ಣ ನಕ್ಕ, ಮೇಘಾ ನಕ್ಕಳು. ಅಮ್ಮನೂ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನೂ ನಕ್ಕೆ, ಬೇರೇನು ಮಾಡಬೇಕೆಂದು ತಿಳಿಯದೆ. ನನ್ನನ್ನು ತೆಗೆದಿದ್ದರು, ಹಾಡು ಕುಸಿದಿರಲಿಲ್ಲ.

ಮುಂದೆ ಇಂಟರ್‌ನೆಟ್ ಬಂದ ಮೇಲೆ ಅಣ್ಣ ಆ ಗುಂಪುಗಳ ನಿಜವಾದ ಹೆಸರುಗಳನ್ನು ಹುಡುಕಿ ತೆಗೆದ. ನಾನೂ ಓದಿದೆ. ಎಷ್ಟೋ ಗುಂಪುಗಳಲ್ಲಿ ಮುಂದಿನವನು ಒಂಟಿಯಾಗಿ ಹಾಡಲು ಹೊರಟುಹೋಗಿದ್ದ. ನಡುವಿನವನ ಜಾಗಕ್ಕೆ ಯಾರು ಯಾರೋ ಬಂದು ಹೋಗಿದ್ದರು, ಯಾರೂ ಲೆಕ್ಕ ಇಟ್ಟಿರಲಿಲ್ಲ. ನಮ್ಮಲ್ಲೂ ಹಾಗೇ ಆಯಿತು. ಅಣ್ಣ ಬ್ರಿಸ್ಬೇನ್ ಕಡೆಯ ನಾರ್ತ್ ಲೇಕ್ಸ್‌ಗೆ ಹೋದ. ಮೇಘಾ ಅಡಿಲೇಡ್‌ಗೆ. ನಾನು ಪರ್ತ್‌ನಲ್ಲೇ, ಸದರ್ನ್ ರಿವರ್ ಬಡಾವಣೆಯಲ್ಲಿ ಉಳಿದೆ, ಕ್ಯಾನಿಂಗ್ ವೇಲ್‌ನ ಅಪ್ಪ ಅಮ್ಮನ ಮನೆಯಿಂದ ಕಾರಿನಲ್ಲಿ ಕೂಗಳತೆಯಷ್ಟು ದೂರ. ಸ್ಟೇಷನ್ ವ್ಯಾಗನ್ ಗುಜರಿಗೆ ಹೋಯಿತು, ಕ್ಯಾಸೆಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ. ಅಪ್ಪ ಕಾಯಿಲೆ ಬಿದ್ದಾಗ ಆಸ್ಪತ್ರೆಗೆ ಓಡಾಡಿದವಳು ನಾನು. ಡೈಪರ್ ಬದಲಿಸಿದವಳೂ ನಾನು. ನಡುವಿನವರ ಕೆಲಸವೇ ಅದು, ಇನ್ನೊಬ್ಬರಿಗೆ ಕೇಳಿಸುವುದಿಲ್ಲ.

ಕೊನೆಯ ವಾರದ ಒಂದು ಮಧ್ಯಾಹ್ನ ಅಪ್ಪ ಕಣ್ಣು ಬಿಟ್ಟು, "ಎಲ್ರೂ ಸೇರಿ ಆ ರಾಜ್ಯೋತ್ಸವದ ಹಾಡು ಹಾಡ್ರೋ" ಎಂದ. ಅಣ್ಣ, ಮೇಘಾ ಇಬ್ಬರಿಗೂ ಫೋನ್ ಮಾಡಿ ಸ್ಪೀಕರಿನಲ್ಲಿ ಹಾಕಿದೆ. ಅಣ್ಣ ಶುರು ಮಾಡಿದ. ಮೇಘಾಳ ದನಿ ಒಂದು ಉಸಿರು ತಡವಾಗಿ ಅಡಿಲೇಡ್‌ನಿಂದ ಬಂತು. ಅಪ್ಪನ ಕೈ ಹಿಡಿದುಕೊಂಡು ನಾನು ನನ್ನ ಸ್ವರದ ಮೇಲೆ ಕೂತೆ. ಇಷ್ಟು ವರ್ಷಗಳ ನಂತರ ಮೈಕಿನ ಹಂಗಿಲ್ಲದೆ, ಅವನ ಕಿವಿಯ ಪಕ್ಕದಲ್ಲೇ. ಈಗಲಾದರೂ ಕೇಳಿಸಿಕೊಳ್ಳುತ್ತಾನೆ ಅಂದುಕೊಂಡೆ. ಅಪ್ಪ ಕೈ ಬಿಡಿಸಿಕೊಂಡು ಬೆರಳೆತ್ತಿದ. "ನೀನ್ ಸ್ವಲ್ಪ ಸುಮ್ನಿರು ಪುಟ್ಟಿ. ಅವ್ರಿಬ್ರದ್ದು ಕೇಳಿಸ್ತಿಲ್ಲ."

ಸುಮ್ಮನಾದೆ. ಅವರಿಬ್ಬರೂ ಮುಗಿಸಿದರು. ಅಪ್ಪ ಕಣ್ಣು ಮುಚ್ಚಿಕೊಂಡೇ ನಕ್ಕು, "ಮೂರು ದನಿನೂ ಚೆನ್ನಾಗಿ ಸೇರಿತ್ತು" ಅಂದ. ಫೋನಿನ ಆಚೆ ಅಣ್ಣ ಅಳುತ್ತಿದ್ದ. ನನಗೆ ಅಳು ಬರಲಿಲ್ಲ. ಅಪ್ಪನ ಮೇಲೆ ಸಿಟ್ಟು ಬಂತು, ಅದು ಅವನ ಬೂದಿಯ ಜೊತೆ ಹೋಗಲಿಲ್ಲ. ಕ್ಯಾನಿಂಗ್ ವೇಲ್‌ನ ಮನೆ ಮಾರಿದೆವು. ಅಮ್ಮ ಅಣ್ಣನ ಜೊತೆಗಿದ್ದಾಳೆ. ಆ ಗ್ಯಾರೇಜಿನಲ್ಲಿ ಈಗ ಯಾರದೋ ದೋಣಿ ನಿಂತಿದೆ.

ಬಂಕಿನಿಂದ ಹೊರಟಾಗ ಯೂಟ್ ಬೇರೆ ಕಡೆ ತಿರುಗಿತು. ನನಗೆ ಗೊತ್ತಿಲ್ಲದೆಯೇ ನನ್ನ ಬಾಯಲ್ಲಿ ನನ್ನ ಸ್ವರ ಬಂತು. ಹಿಂದಿನ ಸೀಟಿನಿಂದ ಮಗಳು ಕೇಳಿದಳು: "ವಾಟ್ ಆರ್ ಯು ಸಿಂಗಿಂಗ್, ಅಮ್ಮ?"

"ತಾತನ ಕಾರಿನ ಹಾಡು ಕಣೇ."

ಅವಳು ಸ್ವಲ್ಪ ಹೊತ್ತು ಕಿವಿಗೊಟ್ಟಳು. ನನಗೆ ನೋವಾಗದಿರಲೆಂದು ಮೆಲ್ಲಗೆ ಹೇಳಿದಳು: "ಬಟ್ ದಟ್ಸ್ ನಾಟ್ ಎ ಸಾಂಗ್."

ಸರಿಯಾಗೇ ಹೇಳಿದಳು. ಸದರ್ನ್ ರಿವರ್ ಬರುವವರೆಗೂ ಹಾಡುತ್ತಲೇ ಇದ್ದೆ. ಕಾರಿನಲ್ಲಿ ಸುಮ್ಮನಿರು ಎನ್ನುವವರು ಯಾರೂ ಇರಲಿಲ್ಲ, ಜೊತೆಗೆ ಹಾಡುವವರೂ ಇರಲಿಲ್ಲ.