ನೀರಿನ ಹೊರಗೆ ಉಳಿದ ಕೈ

ಪಾಸ್ಟರ್ ಕಾಕಾ ನನ್ನನ್ನು ಹಿಂದಕ್ಕೆ ಬಾಗಿಸಿದರು. ಕಿವಿಗೆ ನೀರು ತಾಗಿದ್ದೇ ತಡ, ಜೀವ ಬಾಯಿಗೆ ಬಂತು.

ಕುರುಂದವಾಡದ ಹತ್ತಿರ, ಕೃಷ್ಣಾ ಹೊಳೆಯಲ್ಲಿ ಅಂದು ನನ್ನ ದೀಕ್ಷಾಸ್ನಾನ. ಸೊಂಟದ ಮೇಲೆ ಬರುವಷ್ಟು ತಿಳಿನೀರು. ದಡದಲ್ಲಿ ಇಚಲಕರಂಜಿಯಿಂದ ಬಂದ ನಮ್ಮ ಪ್ರಾರ್ಥನೆಯ ಮಂದಿ ಹಾಡುತ್ತಿದ್ದರು.

ಉಳಿದವರಿಗೆ ಅದು ಬರೀ ಹೊಳೆ. ನನಗೆ ಹಾಗಲ್ಲ. ನನ್ನನ್ನು ಮದುವೆ ಮಾಡಿ ಕೊಟ್ಟದ್ದು ಇದೇ ಊರಿಗೆ. ಮಹಾಪೂರ ಬಂದಾಗ ದೋಣಿ ಹತ್ತುವಾಗ ಕಾಲು ಜಾರಿ ಇದೇ ನೀರಿನೊಳಗೆ ಹೋಗಿದ್ದೆ. ಯಾರೋ ಪುಣ್ಯಾತ್ಮರು ಜಡೆ ಹಿಡಿದು ಎಳೆದರು.

ಆಮೇಲೆ ನಾವು ಇಚಲಕರಂಜಿಗೆ ಬಂದುಬಿಟ್ಟೆವು. ಗಂಡನಿಗೆ ಮಗ್ಗದ ಕೆಲಸ, ನನಗೆ ಮಗ್ಗಕ್ಕೆ ಬೇಕಾದ ನೂಲು ಸುತ್ತುವ ಕಾಂಡಿ ಮಷಿನ್ನಿನ ಕೆಲಸ. ಹೊಳೆ ಕಣ್ಣಿಗೆ ಬೀಳದಿದ್ದರೆ ಸಾಕಾಗಿತ್ತು.

"ಕೈ ಎದೀ ಮ್ಯಾಲ ಕಟ್ಟಕೋ ತಂಗಿ, ಹೆದರಬ್ಯಾಡ," ಎಂದು ಕಾಕಾ ಮೊದಲೇ ಹೇಳಿದ್ದರು. ನೀರಿಗೆ ಇಳಿದಾಗ ಹಳೆಯ ಬದುಕು ಸಾಯುತ್ತದೆ, ಯೇಸುವಿನ ಜೊತೆ ಹೊಸದಾಗಿ ಏಳುತ್ತೀ ಎಂದು ಬಿಡಿಸಿ ಹೇಳಿದ್ದರು. ನನಗೆ ಕೇಳಿಸಿದ್ದು ಸಾಯುತ್ತದೆ ಎಂಬುದಷ್ಟೇ...

ಕಟ್ಟಿದ ಕೈ ತಾನಾಗಿಯೇ ಬಿಚ್ಚಿತು. ಬಲಗೈ ಸಿಕ್ಕಿದ್ದನ್ನು ಹಿಡಿದುಕೊಂಡಿತು. ಸಿಕ್ಕಿದ್ದು ಕಾಕಾ ಅವರ ತೋಳು.

ಎದ್ದೆ, ಕೆಮ್ಮಿದೆ. ಎಲ್ಲರೂ ಹಲ್ಲೆಲೂಯಾ ಎಂದರು. ಗಂಡ ಟವೆಲ್ ಹಿಡಿದು ದಡದಲ್ಲಿ ನಿಂತಿದ್ದ. ಅವನು ಈ ದಾರಿಗೆ ಬಂದಿಲ್ಲ, ನನಗೆ ಬೇಡ ಎಂದವನೂ ಅಲ್ಲ.

ನನ್ನನ್ನು ಮೊದಲ ಸಲ ಪ್ರಾರ್ಥನೆಗೆ ಕರೆದುಕೊಂಡು ಹೋದವರು ಪಕ್ಕದ ಮನೆಯ ಶಾಂತಾ ಮೌಶಿ. ಅವರೇ ನನ್ನ ಸೆರಗು ಹಿಂಡಿಕೊಡುತ್ತಾ ನಕ್ಕರು.

"ಎಲ್ಲಾ ಮುಳಗಿತವ್ವಾ, ಆ ಬಲಗೈ ಅಷ್ಟ ಹೊರಗ ಉಳೀತ ನೋಡ. ಅದರ ಪಾಪ ಹಂಗ ಉಳೀತೇನೋ!"

ಮೌಶಿ ಅಂದದ್ದು ತಮಾಷೆಗೆ. ನಾನು ಮಾತ್ರ ಅದನ್ನು ನಿಜವೆಂದೇ ಹಿಡಿದೆ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಆ ಕೈಯನ್ನೇ ನೋಡುತ್ತಾ ಕುಳಿತೆ. ಮಗಳ ಬೆನ್ನಿಗೆ ಬಾರಿಸುವ ಕೈ ಇದೇ. ಜಗಳದಲ್ಲಿ ನಾದಿನಿಯ ಕಡೆ ತೋರಿಸಿ ಶಾಪ ಹಾಕುವುದೂ ಇದೇ ಕೈ. ಎಲ್ಲಕ್ಕಿಂತ ಮೊದಲು ಮುಳುಗಬೇಕಾದದ್ದೇ ಮುಳುಗಿರಲಿಲ್ಲ.

ಅದರ ಮೇಲೆ, ಮುಂದಿನ ವಾರ ಕಾಂಡಿ ಮಷಿನ್ನಿನ ನೂಲು ಅದೇ ಕೈಯ ಬೆರಳನ್ನು ಕೊಯ್ಯಿತು.

ಇಂಥ ಗಾಯ ನಮಗೆ ಹೊಸದಲ್ಲ. ಬೆರಳನ್ನು ಬಾಯಲ್ಲಿ ಇಟ್ಟುಕೊಂಡು ಮತ್ತೆ ಕೆಲಸಕ್ಕೆ ನಿಲ್ಲುತ್ತೇವೆ. ಈ ಸಲ ಬೆರಳು ಬಾತು, ಮುಂಗೈಯವರೆಗೆ ಕೆಂಪೇರಿತು. ಡಾಕ್ಟರ್ ಇಂಜೆಕ್ಷನ್ ಕೊಟ್ಟು, ಗುಳಿಗೆ ಬರೆದು, ಕೀವು ತುಂಬಿದೆ, ಬಾವು ಇಳಿಯುತ್ತದೆ ಎಂದರು.

ನನಗೆ ಡಾಕ್ಟರ ಮಾತು ತಲೆಗೇ ಹೋಗಲಿಲ್ಲ. ಪಾಪ ಇದ್ದಲ್ಲಿಗೆ ಸಾವು ಬರುತ್ತದೆ ಎಂದು ಪ್ರಾರ್ಥನೆಯಲ್ಲಿ ಕೇಳಿದ್ದೆನಲ್ಲ... ಅದು ಬೆರಳಿನಿಂದ ಮೇಲಕ್ಕೆ ಏರುತ್ತಿದೆ ಎಂದೇ ಅನ್ನಿಸಿತು.

ಒಂದು ಕೈ ಹೊರಗಿಟ್ಟು, ಉಳಿದವಳನ್ನು ಮಾತ್ರ ದೇವರು ಒಳಗೆ ಬಿಟ್ಟುಕೊಳ್ಳುತ್ತಾನೆಯೇ? ಈಗ ಬರೆಯುವಾಗ ನಗು ಬರುತ್ತದೆ. ಆಗ ಆ ಕೈಯಿಂದ ಮಗಳ ತಲೆ ಬಾಚಲೂ ಹೆದರಿಕೆ, ಅವಳಿಗೂ ತಾಗಿಬಿಟ್ಟರೆ?

ಕೊನೆಗೆ ಗಡಹಿಂಗ್ಲಜಕ್ಕೆ ಎಸ್‌ಟಿ ಬಸ್ಸು ಹತ್ತಿದೆ. ಕಾಕಾ ಇರುವುದು ಅಲ್ಲಿ. ನನ್ನನ್ನು ಇನ್ನೊಮ್ಮೆ ಮುಳುಗಿಸಿ ಎಂದು ಕೇಳಬೇಕಿತ್ತು.

ಕೇಳಿದ ಮೇಲೆ ನಿಜವಾಗಿ ಮುಳುಗಬೇಕಲ್ಲ... ಬಸ್ಸು ಸಂಕೇಶ್ವರ ದಾಟುತ್ತಿದೆ, ಕಿಟಕಿಯಿಂದ ಗಾಳಿ ಬರುತ್ತಿದೆ, ನಾನು ಮಾತ್ರ ಬೆವರುತ್ತಿದ್ದೇನೆ. ಹೋದರೆ ನೀರು, ಹೋಗದಿದ್ದರೆ ನರಕ. ಇಳಿದು ಮನೆಗೆ ಓಡಿಬಿಡಲೇ ಅನ್ನಿಸುತ್ತಿದೆ.

ಇಳಿಯಲಿಲ್ಲ.

ಕಾಕಾ ಮನೆಯ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಬಾತ ಕೈಯನ್ನು ಮುಂದೆ ಚಾಚಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ನಗಲಿಲ್ಲ.

"ಹೊಳೀ ನೀರಿಗೆ ಅಷ್ಟ ಶಕ್ತಿ ಎಲ್ಲೀದ ತಂಗಿ? ನಿನ್ನ ಪಾಪ ಯೇಸು ತನ್ನ ಮೈಮ್ಯಾಲ ಹೊತ್ತಾನ. ಎಡಗೈದ ಅಷ್ಟ ಹೊತ್ತು ಬಲಗೈದ ಬಿಟ್ಟಿಲ್ಲ."

"ನಾ ಅವತ್ತ ನಂಬಲೇ ಇಲ್ಲರಿ ಕಾಕಾ. ನಂಬಿದ್ರ ಕೈ ಯಾಕ ಬಿಚ್ಚತಿದ್ದೆ?" ಎಂದು ಅಲ್ಲೇ ಅತ್ತುಬಿಟ್ಟೆ.

ಅಷ್ಟರಲ್ಲಿ ಅವರ ಹೆಂಡತಿ, ನಮ್ಮ ಕಾಕು, ಚಹಾ ತಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿ ಗಂಡನನ್ನು ಕೇಳಿದರು.

"ಹೊಳ್ಯಾಗ ನಿಮ್ಮ ತೋಳ ಹಂಗ ಮಾಡಿದಾಕಿ ಇಕೀನ ಏನ್ರಿ?"

"ಈಗ್ಯಾಕ ಆ ಮಾತು, ಬಿಡ," ಎಂದು ಕಾಕಾ ತೋಳು ಹಿಂದಕ್ಕೆ ಎಳೆದುಕೊಂಡರು.

ಕಾಕು ಬಿಡುವವರಲ್ಲ. "ನೋಡ್ಲಿ ತಗೀರಿ. ಶುಗರ್ ಐತವ್ವಾ ಇವರಿಗೆ, ಗಾಯ ಲಗೂ ಮಾಯಂಗಿಲ್ಲ. ದಿನಾ ಪಟ್ಟಿ ಕಟ್ಟಾಕಿ ನಾ," ಎಂದು ಅಂಗಿಯ ತೋಳನ್ನು ಮೇಲಕ್ಕೆ ಸರಿಸಿಯೇ ಬಿಟ್ಟರು.

ನನ್ನ ಉಗುರುಗಳು ಇಳಿದಿದ್ದ ಜಾಗ. ಸಾಲಾಗಿ ಗಾಯಗಳು, ಒಂದರಲ್ಲಿ ಇನ್ನೂ ಕೀವು.

ಅಂದು ಕಾಕಾ ದಡಕ್ಕೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ್ದರು, ತೋಳಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

"ಕೈ ಕೊಡವಿ ಬಿಡಸ್ಕೋಬೇಕಿತ್ತಲ್ಲರಿ ಕಾಕಾ..."

"ಕೊಡವಿದ್ರ ನೀ ನೀರಾಗ ಹೋಗತಿದ್ದೆಲ್ಲ," ಎಂದು ಅವರು ಮತ್ತೆ ಶೇಂಗಾ ಸುಲಿಯತೊಡಗಿದರು.

ಇನ್ನೊಮ್ಮೆ ಮುಳುಗಿಸಿ ಎಂದು ನಾನು ಕೇಳಲಿಲ್ಲ. ಗುಳಿಗೆ ಮುಗಿಯುವಷ್ಟರಲ್ಲಿ ನನ್ನ ಬೆರಳಿನ ಬಾವು ಇಳಿಯಿತು. ಕಾಕಾ ಅವರದು ಇನ್ನೂ ಪೂರ್ತಿ ಮಾಯ್ದಿಲ್ಲವಂತೆ.

ಯೇಸು ನಮ್ಮ ಪಾಪಕ್ಕಾಗಿ ಗಾಯಪಟ್ಟ ಎಂದು ಎಷ್ಟು ಸಲ ಹಾಡಿದ್ದೇನೋ... ಆ ಗಾಯ ಮಾಡಿದವರಲ್ಲಿ ನಾನೂ ಒಬ್ಬಳು ಎಂದು ಆ ಕಟ್ಟೆಯ ಮೇಲೆ ಕುಳಿತಾಗಲೇ ಗೊತ್ತಾದದ್ದು.