ಅಪ್ಪನಿಗೆ ಹಾಡುಗಾರರ ಹೆಸರು ಬಾರದೆ ಹೋದ ಮಧ್ಯಾಹ್ನ

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸೊಲ್ಲಾಪುರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಅಣ್ಣ, ಅಪ್ಪನ ಕ್ಯಾಸೆಟ್ಟುಗಳ ಹಾಡುಗಳನ್ನೆಲ್ಲ ಒಂದು ಕಂಪ್ಯೂಟರಿಗೆ ಇಳಿಸಿ, ಅದನ್ನು ಅಕ್ಕಲಕೋಟೆಯ ನಮ್ಮ ಮನೆಗೆ ತಂದಿಟ್ಟ. ಹಾಡುಗಳು ಬಂದವು, ಹೆಸರುಗಳು ಬರಲಿಲ್ಲ. ಯಾವುದನ್ನು ಹಚ್ಚಿದರೂ ಪರದೆಯ ಮೇಲೆ 'ಟ್ರ್ಯಾಕ್' ಎಂದು ಒಂದು ಸಂಖ್ಯೆ. ಹಾಡಿದವರ ಜಾಗದಲ್ಲಿ 'ಅನ್‌ನೋನ್'. ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾಗಿದ್ದ ಅಪ್ಪನಿಗೆ ಇದು ಸಹಿಸಲಾಗದ ವಿಷಯ.

"ಇಷ್ಟ ದೊಡ್ಡ ಮಂದಿ ಹಾಡ್ಯಾರ, ಇದು ಯಾರೂ ಗೊತ್ತಿಲ್ಲ ಅಂತದಲ್ಲ," ಎಂದು ಗೊಣಗಿದರು.

ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ನನ್ನ ಪಾಲಿಗೆ ಹೆಸರು ತುಂಬುವ ಕೆಲಸ ಬಂತು. ಊಟವಾದ ಮೇಲೆ ನಾನು ಕಂಪ್ಯೂಟರಿನ ಮುಂದೆ, ಅಪ್ಪ ಪಕ್ಕದ ಮಂಚದ ಮೇಲೆ ಕಣ್ಣು ಮುಚ್ಚಿಕೊಂಡು. ಮೊದಲ ಸಾಲು ಮುಗಿಯುವುದರೊಳಗೆ ಹಾಡಿದವರ ಹೆಸರು, ರಾಗ, ತಬಲಾ ಯಾರದು ಎಂಬುದನ್ನೂ ಹೇಳಿಬಿಡುತ್ತಿದ್ದರು. ನಾನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುತ್ತಿದ್ದೆ. ವಚನದ ಸಾಲನ್ನು ಆ ಅಕ್ಷರಗಳಲ್ಲಿ ಹೊಡೆದ ಮೇಲೆ ನನಗೇ ಓದಲು ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಭಂಗವೊಂದನ್ನು ಹಚ್ಚಿ ಕೇಳಿದೆ. "ಇದು ಯಾರ್ದರಿ ಅಪ್ಪಾ?"

"ಚಹಾ," ಎಂದರು.

"ಈಗರೇ ಕುಡದೀರಲ್ಲ." ಇನ್ನೊಂದು ಹಾಡು ಹಚ್ಚಿದೆ. "ಇದು?"

"ಚಹಾ."

"ಮಸ್ಕರಿ ಮಾಡಬ್ಯಾಡ್ರಿ," ಎಂದು ನಗುತ್ತ ತಿರುಗಿ ನೋಡಿದೆ. ಅವರು ನಗುತ್ತಿರಲಿಲ್ಲ. ತಮ್ಮ ಬಾಯಿಂದ ಬಂದ ಮಾತು ಕೇಳಿ ತಾವೇ ಬೆದರಿದ್ದರು. ಬಾಯಿಯ ಬಲಗಡೆ ಜಾರಿತ್ತು. ಬಲಗೈ ಎತ್ತಲು ಹೋದರು, ಅದು ಏಳಲಿಲ್ಲ.

ನನ್ನ ಕೂಗಿಗೆ ಅವ್ವ ಅಡುಗೆಮನೆಯಿಂದ ಓಡಿಬಂದಳು. ಮಗ್ಗುಲ ಮನೆಯ ಬಟ್ಟೆ ಅಂಗಡಿಯ ಕಾಕಾ ಒಳಗೆ ಬಂದು ಅಪ್ಪನ ಮುಖ ನೋಡಿದವರೇ, "ಇಲ್ಲಿ ತೋರಸ್ಕೋತ ಕೂಡೂದು ಬ್ಯಾಡ. ಸೀದಾ ಸೊಲ್ಲಾಪುರಕ್ಕ ಒಯ್ಯೂಣು," ಎಂದು ತಮ್ಮ ವ್ಯಾನು ತಂದರು. ನಾನು ಅಣ್ಣನಿಗೆ ಫೋನು ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ.

ವ್ಯಾನಿನಲ್ಲಿ ಅಪ್ಪನ ತಲೆ ಅವ್ವನ ತೊಡೆಯ ಮೇಲಿತ್ತು. "ನನ್ನ ಹೆಸರ ಹೇಳ್ರಿ ಅಪ್ಪಾ," ಎಂದೆ. ತುಟಿ ಅಲುಗಿತು. ಅದೇ ಮಾತು ಬಂತು. ಮತ್ತೆ ಕೇಳುವ ಧೈರ್ಯವಾಗಲಿಲ್ಲ. ಮುಂದಿನ ಸಲ ಅದೂ ಬರದಿದ್ದರೆ ಎಂಬ ಭಯ. ವಳಸಂಗದ ಹತ್ತಿರ ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡ ನಿಂತಿತ್ತು. ಕಾಕಾ ಇಳಿದು ಹೋಗಿ ಕೈಮುಗಿದು ಮರಾಠಿಯಲ್ಲಿ ಬೇಡಿಕೊಳ್ಳುವುದು ಕಂಡಿತು. ಅವ್ವ ಒಂದೇ ಸಮನೆ, "ಕಣ್ಣ ಮುಚ್ಚಬ್ಯಾಡ್ರಿ, ನನ್ನ ನೋಡ್ರಿ," ಎನ್ನುತ್ತಿದ್ದಳು.

ಆಸ್ಪತ್ರೆಯ ಬಾಗಿಲಲ್ಲಿ ಅಣ್ಣ ಸ್ಟ್ರೆಚರ್ ಹಿಡಿದು ನಿಂತಿದ್ದ. ಸಂಜೆ ಡಾಕ್ಟರು ಹೊರಗೆ ಬಂದು, "ಜೀವಕ್ಕ ಧೋಕಾ ಇಲ್ಲರಿ. ಮಾತ ಎಷ್ಟ ಬರ್ತದ, ಅದು ಈಗ ಹೇಳಾಕ ಬರಂಗಿಲ್ಲ," ಎಂದರು.

ಮಾತು ನಿಧಾನವಾಗಿ ಬಂತು. ಮೊದಲು ನೀರು, ಆಮೇಲೆ ಅವ್ವನ ಹೆಸರು. ನನ್ನದು ಬಂದದ್ದು ಅಪ್ಪ ಕೋಲು ಹಿಡಿದು ಅಂಗಳಕ್ಕೆ ಇಳಿಯುವ ಹೊತ್ತಿಗೆ. ಹಾಡುಗಾರರ ಹೆಸರುಗಳು ಮಾತ್ರ ಬರಲೇ ಇಲ್ಲ. ಕಂಪ್ಯೂಟರಿನ ಮೇಲೆ ಅವ್ವ ಬಟ್ಟೆ ಹೊದಿಸಿದ್ದಳು. ಅದನ್ನು ತೆಗೆಯಲು ನನಗೆ ಅಂಜಿಕೆ. ಕೊನೆಗೆ ಅಪ್ಪನೇ ಎಡಗೈಯಿಂದ ಬಟ್ಟೆ ಎಳೆದು, "ಹಚ್ಚು," ಎಂದರು.

ಹಚ್ಚಿದೆ. ಯಾರದೆಂದು ಕೇಳಲಿಲ್ಲ. ಎರಡನೆಯ ಸಾಲಿಗೆ ಅಪ್ಪ ತಾವೂ ದನಿಗೂಡಿಸಿದರು. ಒಂದು ಅಕ್ಷರವೂ ತೊದಲದೆ, ಇಡೀ ಸಾಲು. ಅವ್ವ ಬಾಗಿಲಲ್ಲೇ ಕುಳಿತುಬಿಟ್ಟಳು.

ಗೊತ್ತಿದ್ದ ಹೆಸರುಗಳನ್ನು ನಾನೂ ಅಣ್ಣನೂ ತುಂಬಿದೆವು. ಉಳಿದವು ಸಂಖ್ಯೆಗಳಾಗಿಯೇ ಉಳಿದವು. ಆಮೇಲೆ ಎಷ್ಟೋ ವರ್ಷ, ಮನೆಯಲ್ಲಿ ಯಾರಾದರೂ ಒಂದು ಹೆಸರಿಗಾಗಿ ತಡವರಿಸಿದರೆ ಸಾಕು, ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ.