ಮುತ್ತಿಗೆ ತೆಗೆಯಲು ಬಾರದ ದಂಡನಾಯಕ

ನಮ್ಮ ಬೀದಿಯ ದಂಡನಾಯಕ ತನ್ನ ಆಯುಷ್ಯದಲ್ಲಿ ಒಂದೇ ಒಂದು ಯುದ್ಧವನ್ನೂ ಸೋತವನಲ್ಲ. ಇದು ಅವನೇ ಹೇಳಿಕೊಂಡದ್ದು, ದಿನಕ್ಕೆ ನಾಲ್ಕು ಸಲ. ಗಿರಾಕಿ ಸಿಕ್ಕಿದರೆ ಐದು ಸಲ. ಒಂದು ಯುದ್ಧಕ್ಕೂ ಹೋದವನಲ್ಲ ಎಂಬುದನ್ನು ಕೇಳಿದವರೇ ಸೇರಿಸಿಕೊಳ್ಳಬೇಕಾಗಿತ್ತು.

ಅವನ ಕಸುಬು ಪುಸ್ತಕಗಳಿಗೆ ರಟ್ಟು ಕಟ್ಟುವುದು. ನನ್ನ ಗಡಿಯಾರ ರಿಪೇರಿ ಅಂಗಡಿಗೂ ಅವನ ಬೈಂಡಿಂಗ್ ಅಂಗಡಿಗೂ ನಡುವೆ ಒಂದೇ ಗೋಡೆ. ಅವನು ಅಂಟು ಕುದಿಸಿದ ದಿನ ಆ ವಾಸನೆಗೆ ನನ್ನ ಗೋಡೆಯ ಗಡಿಯಾರಗಳು ಉಸಿರು ಬಿಗಿಹಿಡಿದು ನಿಂತುಬಿಡುತ್ತಿದ್ದವು. ಗಿರಾಕಿಗಳು ಮಾತ್ರ ಅದನ್ನು ನನ್ನ ಕೈಗುಣ ಎನ್ನುತ್ತಿದ್ದರು.

ಊರಾಚೆಯ ಸೈನಿಕ ಕಾಲೇಜಿನ ಹಳೆಯ ಪುಸ್ತಕಗಳೆಲ್ಲ ರಿಪೇರಿಗೆ ಅವನಲ್ಲಿಗೇ ಬರುತ್ತಿದ್ದವು. ಯಾವುದೋ ಕಾಲದ ಮಂತ್ರಿ ರಾಜನಿಗೆ ಹೇಳಿಕೊಟ್ಟ ಕೋಟೆಯ ಮರ್ಮ, ಮರುಭೂಮಿಯ ದೊರೆ ಮಗನಿಗೆ ಬರೆದ ಬುದ್ಧಿವಾದ, ಹಿಮದ ನಾಡಿನ ಸೇನಾಪತಿಯ ದಿನಚರಿ, ಸಮುದ್ರದಾಚೆಯ ಕತ್ತಿವರಸೆಯವರ ನೀತಿಮಾತು. ಕಾಲೇಜಿನ ಹುಡುಗರು ಪರೀಕ್ಷೆಗೆಂದು ಓದುತ್ತಿದ್ದುದನ್ನು ಇವನು ಬಾಳಿಗೆಂದು ಓದುತ್ತಿದ್ದ. ಓದುವ ಕ್ರಮವೂ ಅವನದೇ. ಹರಿದ ಪುಸ್ತಕ ಬಿಚ್ಚಿ, ಹದಿನಾರು ಪುಟದ ಒಂದೊಂದು ಫಾರಂ ಮಡಿಸುವಾಗ ಮೇಲೆ ಯಾವ ಪುಟ ಬಂತೋ ಅದಷ್ಟೇ ಓದು. ಒಳಗೆ ಮಡಚಿಹೋದದ್ದು ಅವನ ಪಾಲಿಗೆ ಬರೆದೇ ಇರಲಿಲ್ಲ. ಹೀಗಾಗಿ ಮುತ್ತಿಗೆ ಹಾಕುವುದು ಹೇಗೆಂದು ಆರು ದೇಶಗಳ ಸಾಕ್ಷಿ ಸಮೇತ ಹೇಳಬಲ್ಲವನಿಗೆ, ಮುತ್ತಿಗೆ ತೆಗೆಯುವುದು ಹೇಗೆಂದು ಒಂದು ದೇಶದ್ದೂ ಗೊತ್ತಿರಲಿಲ್ಲ.

ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಅವನ ತಮ್ಮ ಕೂರುತ್ತಿದ್ದ. ಅಣ್ಣ ರಟ್ಟು, ತಮ್ಮ ಹೊಲಿಗೆ. ತಮ್ಮ ಮದುವೆಯಾಗಲಿಲ್ಲ; ಊಟ, ನಿದ್ದೆ ಎಲ್ಲ ಅಣ್ಣನ ಮನೆಯಲ್ಲೇ. ಅವನು ಹೊಲಿದ ಪುಸ್ತಕವನ್ನು ಆನೆ ಹಿಡಿದೆಳೆದರೂ ದಾರ ಬಿಡದು, ಆನೆಯ ಹಲ್ಲೇ ಬಿದ್ದೀತು. ಬಾಯಿ ಮಾತ್ರ ಸೂಜಿಗಿಂತ ಚೂಪು.

ಒಂದು ದಿನ ಕಾಲೇಜಿನ ಗ್ರಂಥಾಲಯದ ಅಧಿಕಾರಿ ಬಂದಿದ್ದರು. ಎತ್ತರದ ಜಾಗ ಮೊದಲು ಹಿಡಿದವನಿಗೇ ಜಯ ಎಂದು ದಂಡನಾಯಕ ಅವರಿಗೆ ಪಾಠ ಹೇಳುತ್ತಿದ್ದ. ತಮ್ಮ ತಲೆ ಎತ್ತದೆ ಅಂದ: “ನಿಜ ಸಾರ್. ಇಲಿ ಕಂಡ ತಕ್ಷಣ ನಮ್ಮಣ್ಣ ಮೇಜು ಹತ್ತೋದು ಅದಕ್ಕೇ.”

ಅಧಿಕಾರಿ ನಕ್ಕರು. ಗೋಡೆಯಾಚೆ ನಾನೂ ನಕ್ಕೆ, ಕೇಳಿಸುವಷ್ಟು. ನಗದಿದ್ದರೆ ಚೆನ್ನಾಗಿತ್ತು.

ಅವರು ಹೋದ ಮೇಲೆ ಅಣ್ಣ ಬಾಯಿಗೆ ಬಂದದ್ದೆಲ್ಲ ಬೈದ. ತಮ್ಮ ನಗುತ್ತಲೇ ಇದ್ದ. ಕೊನೆಗೆ ಅಣ್ಣ, “ನನ್ನ ಅನ್ನ ತಿಂದು ನನ್ನ ಮಾನ ಕಳೀತೀಯಾ?” ಎಂದುಬಿಟ್ಟ. ಮೂವತ್ತು ವರ್ಷದಲ್ಲಿ ಆ ಮನೆಯಲ್ಲಿ ಅನ್ನಕ್ಕೆ ಒಡೆಯ ಯಾರೆಂದು ಯಾರೂ ಹೇಳಿರಲಿಲ್ಲ. ತಮ್ಮನ ನಗು ನಿಂತಿತು. ಸೂಜಿ, ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಎರಡು ಬೀದಿಯಾಚೆ ಒಂದು ಕೋಣೆ ಹಿಡಿದ.

ದಂಡನಾಯಕ ಮುತ್ತಿಗೆ ಸಾರಿದ. ಯಾರೂ ಆ ಬೀದಿಗೆ ಹೋಗಕೂಡದು, ಊಟ ಒಯ್ಯಕೂಡದು. ತಾನಾಗಿಯೇ ಬಂದು ಕಾಲು ಹಿಡಿಯುತ್ತಾನೆ. ಅವನ ಹೆಂಡತಿ ದಿನವೂ ತರಕಾರಿ ಚೀಲದಡಿ ಮೈದುನನಿಗೆ ಡಬ್ಬಿ ಒಯ್ದಳು. ಒಂದು ಹಿಡಿ ಸೊಪ್ಪು ತರಲು ಎರಡು ಗಂಟೆ ಬೇಕೇ ಎಂದು ದಂಡನಾಯಕ ಒಮ್ಮೆಯೂ ಕೇಳಲಿಲ್ಲ.

ನಾಲ್ಕನೆಯ ತಿಂಗಳು ಅವಳು ಖಾಲಿ ಚೀಲ ಹಿಡಿದು ಅಂಗಡಿಗೇ ಬಂದಳು. “ಎಂಟು ದಿನದಿಂದ ಜ್ವರ ಅವನಿಗೆ. ಆಸ್ಪತ್ರೆಗೆ ಸೇರಿಸಿ ಬಂದೆ. ನಿಮ್ಮನ್ನೇ ಕೇಳ್ತಿದಾನೆ, ಹೋಗಿ ಬನ್ನಿ.”

ದಂಡನಾಯಕ ನಕ್ಕ. ಮೂರು ಪುಸ್ತಕ ತೆಗೆದು ಮೇಜಿನ ಮೇಲೆ ಹರಡಿದ. ಒಬ್ಬರ ಮುಖ ಒಬ್ಬರು ಕಾಣದ ಮೂರು ದೇಶದವರೂ ಒಂದೇ ಮಾತು ಬರೆದಿದ್ದರು: ಶತ್ರು ಸೊರಗಿದಂತೆ ಕಂಡರೆ ನಂಬಬೇಡ, ನಿನ್ನನ್ನು ಕೋಟೆಯಿಂದ ಹೊರಗೆಳೆಯಲು ಹೂಡಿದ ಆಟ ಅದು. ಶಾಲೆ ತಪ್ಪಿಸಲು ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡು ಜ್ವರ ಬರಿಸಿಕೊಳ್ಳುತ್ತಿದ್ದವನು ಇವನೇ ಅಲ್ಲವೇ ಎಂದು ನನ್ನನ್ನು ಕೇಳಿದ. ಹೆಂಡತಿಯ ಕಡೆ ಬೆರಳು ಮಾಡಿ, ದೂತರನ್ನು ಮೊದಲೇ ಒಲಿಸಿಕೊಳ್ಳುವುದೂ ಪುಸ್ತಕದಲ್ಲಿದೆ ಎಂದ.

ಮರುದಿನ ಅವಳು ಔಷಧಿ ಚೀಟಿಯ ಬೆನ್ನಿಗೆ ಬರೆದ ಎರಡು ಮಾತು ತಂದಳು. ‘ಅಣ್ಣ, ಸೋತೆ. ಬಾ.’ ಅದನ್ನು ನನಗೆ ತೋರಿಸುವಾಗ ದಂಡನಾಯಕನ ಕಣ್ಣು ತುಂಬಿತ್ತು. ಆದರೂ, “ಸೋತವನು ಬರಬೇಕು ಕಣೋ, ಗೆದ್ದವನು ಹೋಗೋದಲ್ಲ,” ಎಂದ. ಇಂಥ ಹೊತ್ತಿನಲ್ಲಿ ಒಂದು ಏಟು ಕೊಟ್ಟು ಎಳೆದೊಯ್ಯುವವನೇ ಗೆಳೆಯ. ನಾನು ಸುಮ್ಮನೆ ನನ್ನ ಗಡಿಯಾರಗಳಿಗೆ ಕೀ ಕೊಟ್ಟೆ.

ಅವನು ಸುಮ್ಮನೆ ಕೂರಲಿಲ್ಲ. ಬೆಂಚಿನ ಆ ತುದಿಯ ಧೂಳು ಒರೆಸಿದ. ದಾರಕ್ಕೆ ಮೇಣ ಹಚ್ಚಿಟ್ಟ. ತಮ್ಮ ಬಂದೊಡನೆ ಬೈಯಬೇಕೋ, ಊಟವಾಯಿತೇ ಎಂದು ಕೇಳಬೇಕೋ ಎಂದು ನನ್ನೆದುರು ಎರಡನ್ನೂ ಆಡಿ ನೋಡಿದ. ಊಟದ ಮಾತೇ ಸರಿ ಎಂದು ತೀರ್ಮಾನವಾಯಿತು.

ಅದರ ಮಾರನೆಯ ಮಧ್ಯಾಹ್ನ ಹೆಂಡತಿ ಬಂದು ಮೆಟ್ಟಿಲ ಮೇಲೆ ಕೂತಳು. ಬೆಳಿಗ್ಗೆ ಒಯ್ದ ಡಬ್ಬಿ ಮುಚ್ಚಳ ತೆಗೆಯದೆ ಮಡಿಲಲ್ಲಿ ಹಾಗೇ ಇತ್ತು.

ಆಸ್ಪತ್ರೆಗೆ ನಾವು ಓಡಿದಾಗ ಮಂಚದ ಹಾಸಿಗೆ ಸುರುಳಿ ಸುತ್ತಿ ಆಗಿತ್ತು. ಬಾಗಿಲು ಸದ್ದಾದಾಗಲೆಲ್ಲ ಅಣ್ಣ ಬಂದನೇ ಎಂದು ಕೇಳುತ್ತಿದ್ದರು, ಬೆಳಿಗ್ಗೆ ಹತ್ತರವರೆಗೂ ಕೇಳಿದರು ಎಂದಳು ನರ್ಸ್.

ವಾರದ ಮೇಲೆ ಕೋಣೆ ಖಾಲಿ ಮಾಡಲು ಹೋದೆವು. ಅರ್ಧ ಹೊಲಿದ ಎರಡು ಪುಸ್ತಕ, ಏಳು ಚಾಕು. ಏಳೂ ಮೊಂಡು. ಕೊಯ್ದ ಕಾಗದದ ಅಂಚೆಲ್ಲ ಹಲ್ಲು ಹಲ್ಲಾಗಿತ್ತು. ಮೂವತ್ತು ವರ್ಷವೂ ತಮ್ಮನ ಚಾಕು ಮಸೆಯುತ್ತಿದ್ದವನು ಅಣ್ಣ. ತಮ್ಮನಿಗೆ ಆ ಕೆಲಸ ಬರುತ್ತಲೇ ಇರಲಿಲ್ಲ. ದಂಡನಾಯಕ ನೆಲದ ಮೇಲೆ ಕೂತು ಏಳನ್ನೂ ಒಂದೊಂದಾಗಿ ಮಸೆದ. ಯಾರಿಗಾಗಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಬದಲಿಗೆ ಸಮಾಧಾನ ಹೇಳಲು ಹೊರಟೆ. ಬಾಯಿ ಇದ್ದವನ ಶಾಪ ಅದು. “ಸೋಲದ ಸೇನಾಪತಿ ಎಲ್ಲೂ ಇಲ್ಲ ಕಣೋ. ನೀನು ರಟ್ಟು ಹಾಕಿದ ಅಷ್ಟು ದೊಡ್ಡ ದೊಡ್ಡವರೂ ಒಂದಲ್ಲ ಒಂದಿನ ಸೋತವರೇ ತಾನೇ?”

ಅವನು ಚಾಕುವಿನಿಂದ ಕಣ್ಣೆತ್ತಲಿಲ್ಲ.

“ಅವರ ಎದುರಿಗೆ ಶತ್ರು ಇದ್ದ ಕಣೋ,” ಎಂದ. “ನನ್ನೆದುರಿಗೆ ಯಾರಿದ್ದ?”